ಭುಜದ ಉಳುಕು: ತಾಲೀಮಿನಿಂದ ಮೈದಾನದವರೆಗೆ

ಪುಣೆಯ ಹಳೆಯ ಪೇಟೆಗಳಲ್ಲಿ ಓಡಾಡುವ ನಮ್ಮ ಕನ್ನಡ ಬಂಧುಗಳು ತಾಲೀಮುಗಳನ್ನು ನೋಡಿಯೇ ಇರುತ್ತಾರೆ. ನಮ್ಮ ಕಡೆಯ ಗರಡಿಮನೆಯೇ ಇಲ್ಲಿಯ ತಾಲೀಮು. ಚಿಂಚೇಚಿ ತಾಲೀಮು 1783ರಷ್ಟು ಹಳೆಯದು. ಎರಡನೆಯ ಬಾಜೀರಾಯನ ವ್ಯಾಯಾಮಗುರು ಬಾಳಂಭಟ್ಟ ದಾದಾ ದೇವಧರರು ಮಲ್ಲಕಂಬಕ್ಕೆ ಮರುಹುಟ್ಟು ಕೊಟ್ಟರು. 1924ರಲ್ಲಿ ಇದೇ ಊರಿನಲ್ಲಿ ಮಹಾರಾಷ್ಟ್ರೀಯ ಮಂಡಳ ಸ್ಥಾಪನೆಯಾಯಿತು. ಮೈಭಾರವನ್ನೆಲ್ಲ ತೋಳಿನಲ್ಲಿ ತೂಗುವ ಮಲ್ಲಕಂಬವಿರಲಿ, ಎದುರಾಳಿಯನ್ನು ಎತ್ತಿ ಒಗೆಯುವ ಕುಸ್ತಿಯಿರಲಿ, ಭುಜಕ್ಕೆ ಪೆಟ್ಟು ತಪ್ಪಿದ್ದಲ್ಲ.

ಭುಜದ ಕೀಲು ಶರೀರದ ಉಳಿದೆಲ್ಲ ಕೀಲುಗಳಿಗಿಂತ ಹೆಚ್ಚು ತಿರುಗುತ್ತದೆ. ತೋಳೆಲುಬಿನ ತಲೆ ದೊಡ್ಡದು, ಅದು ಕೂಡುವ ಗುಳಿ ಆಳವಿಲ್ಲದ್ದು. ಆದುದರಿಂದಲೇ ಅದು ಬೇಗನೆ ತಪ್ಪುತ್ತದೆ. ಎಲುಬುಗಳನ್ನು ಬಿಗಿದಿಡುವ ಕಟ್ಟುನಾರು ಜಗ್ಗಿದರೆ ಅಥವಾ ಹರಿದರೆ ಅದು ಉಳುಕು. ಎಲುಬೇ ಗುಳಿಯಿಂದ ಜಾರಿದರೆ ಕೀಲು ತಪ್ಪಿದಂತೆ. ಈ ಎರಡನ್ನೂ ಒಂದೇ ಎಂದು ಭಾವಿಸಿ ಕೈಹಾಕುವುದು ಅಪಾಯ.

ತಪ್ಪಿದ ಭುಜವನ್ನು ಕೂಡಿಸುವ ವಿದ್ಯೆ ನಮ್ಮಲ್ಲಿ ಪುರಾತನವಾದುದು. ಕಂಕುಳಲ್ಲಿ ಒನಕೆಯಿಟ್ಟು ಮೇಲಕ್ಕೆತ್ತಿ, ಎಲುಬು ಸ್ವಸ್ಥಾನಕ್ಕೆ ಬಂದ ಮೇಲೆ ಸ್ವಸ್ತಿಕಾಕಾರದ ಪಟ್ಟಿ ಕಟ್ಟಬೇಕೆಂದು ಸುಶ್ರುತಸಂಹಿತೆ ವಿಧಿಸುತ್ತದೆ. ಮೈಸೂರಿನ ಜೆಟ್ಟಿಗಳು ಕುಸ್ತಿಯಲ್ಲಿ ಮಾತ್ರವಲ್ಲ, ಕೀಲು ಕೂಡಿಸುವುದರಲ್ಲಿಯೂ ಹೆಸರಾದವರು. ಗರಡಿಗಳಲ್ಲಿ ಎಣ್ಣೆ, ಅರಿಶಿನದ ಲೇಪ, ಉಸ್ತಾದರ ಕೈ ಇವೇ ಔಷಧ. ಇವನ್ನು ನಾವು ಹಗುರವಾಗಿ ಕಾಣಬೇಕಿಲ್ಲ. ಆದರೆ ಬಾವು ಏರುತ್ತಿರುವಾಗಲೇ ಬಲವಾಗಿ ತಿಕ್ಕಿದರೆ ಹರಿದ ನಾರು ಇನ್ನಷ್ಟು ಹರಿಯಬಹುದೆಂಬುದನ್ನು ಇಂದಿನ ವೈದ್ಯಶಾಸ್ತ್ರ ತಿಳಿಸಿಕೊಟ್ಟಿದೆ.

1895ರಲ್ಲಿ ಕ್ಷಕಿರಣದ ಶೋಧವಾದ ಮೇಲೆ ಎಲುಬು ಮುರಿದಿದೆಯೋ, ಜಾರಿದೆಯೋ ಎಂದು ಕಣ್ಣಾರೆ ಕಾಣುವಂತಾಯಿತು. 1923ರಲ್ಲಿ ಲಂಡನ್ನಿನ ಬ್ಯಾಂಕಾರ್ಟ್ ಎಂಬ ಶಸ್ತ್ರವೈದ್ಯರು, ಭುಜ ಮತ್ತೆ ಮತ್ತೆ ತಪ್ಪುವುದಕ್ಕೆ ಗುಳಿಯ ಅಂಚಿನ ಹರಿತವೇ ಕಾರಣವೆಂದು ವಾದಿಸಿದರು. ಈಗ ಸಣ್ಣ ರಂಧ್ರದಿಂದ ದರ್ಶಕನಳಿಕೆಯಿಳಿಸಿ ಆ ಅಂಚನ್ನು ಹೊಲಿಯುತ್ತಾರೆ. ಆದರೆ ಬಹುಪಾಲು ಉಳುಕಿಗೆ ಶಸ್ತ್ರವೇ ಬೇಡ. ಮೊದಲ ಎರಡು ಮೂರು ದಿನ ತಂಪು ಪಟ್ಟಿ, ತೋಳಿಗೆ ಜೋಲಿ, ಆಟಕ್ಕೆ ವಿರಾಮ; ನೋವು ತಗ್ಗಿದಂತೆ ಮೆಲ್ಲಗೆ ಚಲನೆ, ಆಮೇಲೆ ಬಲದ ವ್ಯಾಯಾಮ. ನಾರು ಜಗ್ಗಿದ್ದರೆ ಒಂದೆರಡು ವಾರ ಸಾಕಾದೀತು. ಅರೆ ಹರಿದಿದ್ದರೆ ಹಲವು ವಾರ. ಪೂರ್ತಿ ಹರಿದಿದ್ದರೆ ತಿಂಗಳುಗಳೇ ಹಿಡಿಯುತ್ತವೆ.

ಕಠಿಣವಾದುದು ಈ ಕಾಯುವಿಕೆಯೇ. ನಮ್ಮವರಾದ ಜಾವಗಲ್ ಶ್ರೀನಾಥರು 1997ರಲ್ಲಿ ಭುಜದ ತೊಂದರೆಯಿಂದ ವೆಸ್ಟ್ ಇಂಡೀಸ್ ಪ್ರವಾಸದ ಟೆಸ್ಟುಗಳನ್ನು ಕಳೆದುಕೊಂಡು ಶಸ್ತ್ರಚಿಕಿತ್ಸೆಗೊಳಗಾದರು. ಅವರದು ಕಟ್ಟುನಾರಿನ ಉಳುಕಲ್ಲ, ತೋಳನ್ನು ತಿರುಗಿಸುವ ಸ್ನಾಯುಗಳಿಗಾದ ಪೆಟ್ಟು. ಆದರೂ ಪಾಠ ಒಂದೇ. 1999ರಲ್ಲಿ ಕಲ್ಕತ್ತೆಯ ಟೆಸ್ಟಿನಲ್ಲಿ ಅದೇ ಭುಜ ಪಾಕಿಸ್ತಾನದ 13 ವಿಕೆಟ್ಟುಗಳನ್ನು ಉರುಳಿಸಿತು. ಅನಿಲ್ ಕುಂಬ್ಳೆಯವರೂ 2001ರ ಆಸ್ಟ್ರೇಲಿಯ ವಿರುದ್ಧದ ತವರಿನ ಸರಣಿಯನ್ನು ಭುಜಕ್ಕಾಗಿ ಬಿಟ್ಟುಕೊಟ್ಟರು; ನಿವೃತ್ತರಾಗುವ ಹೊತ್ತಿಗೆ ಅವರ ಟೆಸ್ಟ್ ವಿಕೆಟ್ಟುಗಳು 619.

ತಾಲೀಮಿಗೋ ಕಬಡ್ಡಿಗೋ ಹೋಗುವ ನಮ್ಮ ಮಕ್ಕಳಿಗೆ ಇಂಥ ಹೆಸರಿನ ಆಸರೆಯಿಲ್ಲ. ಒಂದು ಪಂದ್ಯ ತಪ್ಪಿದರೆ ತಂಡದ ಸ್ಥಾನವೇ ಹೋದೀತೆಂಬ ಅಂಜಿಕೆಯಿಂದ ನೋವನ್ನು ಮುಚ್ಚಿಡುತ್ತಾರೆ. ಅಂಥ ಮಗುವಿಗೆ 'ಈ ಬಾರಿ ಬಿಡು, ಮುಂದೆ ಆಡುವೆಯಂತೆ' ಎಂದು ಹೇಳುವ ಹೊಣೆ ತಂದೆತಾಯಂದಿರಾದ ನಮ್ಮದು, ತರಬೇತುಗಾರರದು. ಭುಜದ ಆಕಾರ ಕೆಟ್ಟಿದ್ದರೆ, ಬೆರಳು ಜೋಮು ಹಿಡಿದಿದ್ದರೆ ಎಳೆದಾಡದೆ ಆಸ್ಪತ್ರೆಗೆ ಕರೆದೊಯ್ಯೋಣ.