ಮಲೇಷಿಯಾದಲ್ಲಿ ಪೊಲೀಸ್, ನೆರೆಹೊರೆ ಗಸ್ತು, ಕಾನೂನು ನೆರವು: ಸರ್ಕಾರದ ಹಣ ಯಾರಿಗೆ ತಲುಪುತ್ತದೆ?



ನಮ್ಮೂರಿನಲ್ಲಿ ಪೊಲೀಸ್ ಇಲಾಖೆ ರಾಜ್ಯ ಸರ್ಕಾರದ ಕೈಯಲ್ಲಿದೆ. ಮಲೇಷಿಯಾದಲ್ಲಿ ಹಾಗಲ್ಲ. ಇಲ್ಲಿನ ಸಂವಿಧಾನದ ಒಂಬತ್ತನೇ ಅನುಸೂಚಿಯ ಪ್ರಕಾರ ಪೊಲೀಸ್ ಮತ್ತು ಅಪರಾಧ ಕಾನೂನು ಎರಡೂ ಫೆಡರಲ್ ಸರ್ಕಾರಕ್ಕೆ ಸೇರಿದ ವಿಷಯಗಳು. ನೀವು ಸೆಲಂಗೋರ್‌ನಲ್ಲಿರಿ, ಪೆನಾಂಗ್‌ನಲ್ಲಿರಿ, ಠಾಣೆಯ ಖರ್ಚು ಗೃಹ ಸಚಿವಾಲಯದ ಮೂಲಕ ಫೆಡರಲ್ ಬಜೆಟ್‌ನಿಂದಲೇ ಬರುತ್ತದೆ.

ರುಕುನ್ ತೆತಂಗ

ಬಡಾವಣೆಯ ಮಟ್ಟಕ್ಕೆ ಸರ್ಕಾರದ ಅನುದಾನ ಬರುವ ಮುಖ್ಯ ದಾರಿ ರುಕುನ್ ತೆತಂಗ, ಅಂದರೆ ನೆರೆಹೊರೆ ಸಮಿತಿ. 1975ರಲ್ಲಿ ಆರಂಭವಾದಾಗ ಗಂಡಸರು ಸರದಿಯ ಮೇಲೆ ರಾತ್ರಿ ಗಸ್ತು ತಿರುಗುವುದು ಕಡ್ಡಾಯವಾಗಿತ್ತು. ಈಗ ಗಸ್ತು ಸ್ವಯಂಪ್ರೇರಿತ. 2012ರ ರುಕುನ್ ತೆತಂಗ ಕಾಯ್ದೆ ಇದಕ್ಕೆ ಆಧಾರ. ದೇಶದಲ್ಲಿ ಇಂಥ 8 ಸಾವಿರಕ್ಕೂ ಹೆಚ್ಚು ಸಮಿತಿಗಳಿವೆ. ಇವು ಪೊಲೀಸರ ಅಧೀನದಲ್ಲಿಲ್ಲ, ರಾಷ್ಟ್ರೀಯ ಏಕತಾ ಇಲಾಖೆಯ ಅಧೀನದಲ್ಲಿವೆ. ಅನುದಾನ ಗಸ್ತಿಗೆ ಮಾತ್ರವಲ್ಲ, ಬೇರೆ ಬೇರೆ ಜನಾಂಗದವರು ಒಟ್ಟಿಗೆ ಸೇರುವ ಕಾರ್ಯಕ್ರಮಗಳಿಗೂ ಸಲ್ಲುತ್ತದೆ. ನಿಮ್ಮ ತಾಮನ್‌ನಲ್ಲಿ ಸಮಿತಿ ಇದೆಯೇ ಎಂದು ವಿಚಾರಿಸಿ, ಪರಿಚಯ ಮಾಡಿಕೊಳ್ಳಿ. ಕಾಂಡೋಮಿನಿಯಂನ ಖಾಸಗಿ ಕಾವಲುಗಾರರಿಗೆ ಮಾತ್ರ ನಿವಾಸಿಗಳೇ ಹಣ ಕಟ್ಟಬೇಕು.

ಕಾನೂನು ನೆರವು: ಇಲ್ಲಿ ಎಚ್ಚರ ಬೇಕು

ಬಂಧನಕ್ಕೊಳಗಾದವರಿಗೆ ಉಚಿತ ವಕೀಲರನ್ನು ಒದಗಿಸಲು ಸರ್ಕಾರದ ಹಣದಿಂದ ರಾಷ್ಟ್ರೀಯ ಕಾನೂನು ನೆರವು ಪ್ರತಿಷ್ಠಾನ 2011ರಲ್ಲಿ ಸ್ಥಾಪನೆಯಾಯಿತು. 2012ರ ಏಪ್ರಿಲ್‌ನಿಂದ ಸೇವೆ ಶುರುವಾಯಿತು. ಬಂಧನ, ರಿಮಾಂಡ್, ಜಾಮೀನು ಹಂತಗಳಲ್ಲಿ ಇದು ದೊಡ್ಡ ಆಸರೆ. ಆದರೆ ಈ ಯೋಜನೆ ಇರುವುದು ಮಲೇಷಿಯಾದ ಪ್ರಜೆಗಳಿಗಾಗಿ. ಇಲ್ಲಿ ತೆರಿಗೆ ಕಟ್ಟುತ್ತಿದ್ದರೂ ಎಂಪ್ಲಾಯ್‌ಮೆಂಟ್ ಪಾಸ್‌ನಲ್ಲಿರುವ ನಾವು ಇದನ್ನು ನೆಚ್ಚಿಕೊಳ್ಳುವಂತಿಲ್ಲ.

ಕಾನೂನಿನ ರಕ್ಷಣೆ ಮಾತ್ರ ನಮಗೂ ಇದೆ. ಬಂಧನದ ಕಾರಣ ತಿಳಿಯುವ, ಮನೆಯವರಿಗೆ ಸುದ್ದಿ ಮುಟ್ಟಿಸುವ, ವಕೀಲರನ್ನು ಸಂಪರ್ಕಿಸುವ ಹಕ್ಕು ಅಪರಾಧ ಪ್ರಕ್ರಿಯಾ ಸಂಹಿತೆಯ 28ಎ ಕಲಮಿನಲ್ಲಿದೆ. ಬಂಧಿತರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆದರೆ ವಲಸೆ ಕಾನೂನಿನಡಿ ಬಂಧಿತರಾದ ವಿದೇಶೀಯರಿಗೆ ಸಂವಿಧಾನದಲ್ಲೇ ಈ ಅವಧಿ 14 ದಿನ. ಹಾಗಾಗಿ ಪಾಸ್‌ನ ಅವಧಿ ಮುಗಿಯದಂತೆ ನೋಡಿಕೊಳ್ಳುವುದು ಬಹಳ ಮುಖ್ಯ.

ನಮಗಿರುವ ದಾರಿಗಳು

ಒಂದು, ವಕೀಲರ ಸಂಘದ ಕಾನೂನು ನೆರವು ಕೇಂದ್ರಗಳು. ಇವು ವಕೀಲರು ವರ್ಷವರ್ಷ ಕೊಡುವ ವಂತಿಗೆಯಿಂದ ನಡೆಯುತ್ತವೆ. ಕಡಿಮೆ ಆದಾಯದ ವಲಸಿಗರಿಗೂ ಇಲ್ಲಿ ನೆರವು ಸಿಕ್ಕಿದೆ.

ಎರಡು, ಭಾರತೀಯ ಹೈಕಮಿಷನ್. 2009ರಲ್ಲಿ ಸ್ಥಾಪನೆಯಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಕಷ್ಟದಲ್ಲಿರುವ ಭಾರತೀಯ ಪ್ರಜೆಗಳಿಗೆ, ಆರ್ಥಿಕ ಸ್ಥಿತಿ ನೋಡಿ, ಕಾನೂನು ನೆರವು ಕೊಡಲು ಅವಕಾಶವಿದೆ. ಪಾಸ್‌ಪೋರ್ಟ್ ಸೇವೆಗಳ ಜೊತೆ ನಾವು ಕಟ್ಟುವ ಸಣ್ಣ ಶುಲ್ಕ ಈ ನಿಧಿಗೇ ಸೇರುತ್ತದೆ.

ಒಳ್ಳೆಯ ಸಂಬಳದವರಿಗೆ ಈ ಎರಡೂ ಕಡೆ ಉಚಿತ ನೆರವು ಸಿಗುವುದು ಕಷ್ಟ. ಅಂಥವರು ಒಬ್ಬ ಸ್ಥಳೀಯ ವಕೀಲರ ದೂರವಾಣಿ ಸಂಖ್ಯೆಯನ್ನು ಈಗಲೇ ಪಡೆದು ಮನೆಯವರಿಗೂ ಕೊಟ್ಟಿರುವುದು ಲೇಸು. ಜೊತೆಗೆ ಪಾಸ್‌ಪೋರ್ಟ್ ಮತ್ತು ಪಾಸ್‌ನ ಪ್ರತಿಗಳು, ಹತ್ತಿರದ ಠಾಣೆಯ ಹಾಗೂ ಹೈಕಮಿಷನ್ನಿನ ಸಂಖ್ಯೆಗಳು ಕೈಗೆ ಸಿಗುವಂತಿರಲಿ. ತುರ್ತು ಕರೆಗೆ 999 ಎಂಬುದನ್ನು ಮಕ್ಕಳಿಗೂ ಕಲಿಸಿ.

ಇದು ಸಾಮಾನ್ಯ ಮಾಹಿತಿ ಮಾತ್ರ. ನಿಮ್ಮ ಪ್ರಕರಣಕ್ಕೆ ವಕೀಲರ ಸಲಹೆಯನ್ನೇ ಪಡೆಯಿರಿ.