ವಟ್ಟ, ಹುಂಡಿ, ಗಡಿ: ಗಟ್ಟು ಸೀಮೆಯ ವರ್ತಕರ ಹಣದ ಚರಿತ್ರೆಗೊಂದು ಪೀಠಿಕೆ

ಬ್ಯಾಂಕುಗಳ ಚರಿತ್ರೆಯನ್ನು ಅವುಗಳ ಸ್ಥಾಪನೆಯ ದಿನಾಂಕದಿಂದ ಆರಂಭಿಸುವುದು ವಾಡಿಕೆ. ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಣ ದೋಆಬಿನಲ್ಲಿ, ಗದ್ವಾಲಕ್ಕೂ ರಾಯಚೂರಿಗೂ ನಡುವೆ ಇರುವ ಗಟ್ಟು ಸೀಮೆಗೆ ಈ ಕ್ರಮ ಒಗ್ಗುವುದಿಲ್ಲ. ಇಲ್ಲಿನ ವರ್ತಕನಿಗೆ ಸಾಲ ಸಿಗುವ ಮುನ್ನ ನಾಣ್ಯದ ಬೆಲೆ ಗೊತ್ತಿರಬೇಕಿತ್ತು. ಆದ್ದರಿಂದ ನಾಣ್ಯದಿಂದಲೇ ಆರಂಭಿಸುವುದು ಯುಕ್ತ.

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ನಿಜಾಮರ ರಾಜ್ಯದಲ್ಲಿ ಟಂಕಸಾಲೆಗಳು ಹಲವಾಗಿದ್ದವು. ಗದ್ವಾಲ ಸಂಸ್ಥಾನವು ತನ್ನದೇ ನಾಣ್ಯಗಳನ್ನು ಅಚ್ಚು ಹಾಕಿಸಿತ್ತು. ನಾರಾಯಣಪೇಟೆಯ ನಾಣ್ಯಗಳ ಮೇಲೆ ದಿಲ್ಶಾದಾಬಾದ್ ಎಂಬ ಹೆಸರು ಕಾಣುತ್ತದೆ. ವನಪರ್ತಿ, ಸುರಪುರಗಳ ನಾಣ್ಯಗಳೂ ಇದ್ದವು. ಒಂದು ಸಂತೆಯ ರೂಪಾಯಿ ಮತ್ತೊಂದು ಸಂತೆಯಲ್ಲಿ ಅದೇ ಬೆಲೆಗೆ ಸಲ್ಲಲೇಬೇಕೆಂಬ ನಿಯಮವಿರಲಿಲ್ಲ. ನಾಣ್ಯದ ತೂಕವನ್ನೂ ಕಸುವನ್ನೂ ನೋಡಿ ವಟ್ಟ ಕಟ್ಟುವುದು ಸರಾಫನ ಕೆಲಸವಾಗಿತ್ತು. ಈ ದೃಷ್ಟಿಯಿಂದ ಸರಾಫನೇ ಈ ಸೀಮೆಯ ಮೊದಲ ಬ್ಯಾಂಕು. 1853ರಲ್ಲಿ ದಿವಾನರಾದ ಒಂದನೆಯ ಸಾಲಾರ್ ಜಂಗರು ಟಂಕಸಾಲೆಯನ್ನು ಹೈದರಾಬಾದಿನಲ್ಲಿ ಕೇಂದ್ರೀಕರಿಸಿದ ಮೇಲೆ ‘ಹಾಲಿ ಸಿಕ್ಕಾ’ ರಾಜ್ಯದ ಏಕರೂಪದ ನಾಣ್ಯವಾಗುತ್ತ ಬಂದಿತು.

ಆದರೂ ವಟ್ಟ ತಪ್ಪಲಿಲ್ಲ. 1853ರಿಂದ 1860ರವರೆಗೆ ರಾಯಚೂರು ದೋಆಬು ಕಂಪನಿ ಹಾಗೂ ಬ್ರಿಟಿಷ್ ಆಡಳಿತದ ಕೈಯಲ್ಲಿದ್ದು, ಬಳಿಕ ನಿಜಾಮರಿಗೆ ಮರಳಿತು. 1871ರಲ್ಲಿ ಬೊಂಬಾಯಿ ಮತ್ತು ಮದರಾಸಿನ ರೈಲುಹಾದಿಗಳು ರಾಯಚೂರಿನಲ್ಲಿ ಕೂಡಿದವು. ಹತ್ತಿ ಮತ್ತು ಎಣ್ಣೆಕಾಳುಗಳಿಗೆ ದೂರದ ಪೇಟೆಗಳು ತೆರೆದುಕೊಂಡವು. ರೈತನಿಂದ ಹಾಲಿ ಸಿಕ್ಕಾದಲ್ಲಿ ಕೊಳ್ಳುವುದು, ಹೊರಗಿನ ಪೇಟೆಯಲ್ಲಿ ಕಲ್ದಾರ್ ಎನಿಸಿದ ಬ್ರಿಟಿಷ್ ರೂಪಾಯಿಗೆ ಮಾರುವುದು ಎಂಬ ಎರಡು ಲೆಕ್ಕಗಳ ವ್ಯಾಪಾರ ಬೆಳೆಯಿತು. ಮುಂದೆ ನೆಲೆನಿಂತ ದರದಲ್ಲಿ ಏಳು ಹಾಲಿ ರೂಪಾಯಿಗಳು ಆರು ಕಲ್ದಾರಿಗೆ ಸಮ. ಎಂದರೆ 1,400 ಹಾಲಿ ರೂಪಾಯಿ ಕೊಟ್ಟು ಕೊಂಡ ಸರಕು 1,200 ಕಲ್ದಾರಿಗೆ ಮಾರಾಟವಾದರೆ ಅಸಲು ಮಾತ್ರ ಬಂದಂತೆ. ಸಾಗಣೆ, ದಲಾಲಿ, ಬಡ್ಡಿಗಳು ಅದರ ಮೇಲಿನ ಮಾತು.

ಈ ಅಂತರವನ್ನು ದಾಟಿಸಿದ ಸಾಧನ ಹುಂಡಿ. ತೋರಿಸಿದೊಡನೆ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ. ಗೊತ್ತಾದ ಅವಧಿಯ ಬಳಿಕ ಸಲ್ಲುವುದು ಮುದ್ದತಿ ಹುಂಡಿ. ಮುದ್ದತಿ ಹುಂಡಿಯನ್ನು ವಟಾವು ಕಳೆದು ಮೊದಲೇ ನಗದು ಮಾಡಿಕೊಂಡ ವರ್ತಕನು ಆ ಹಣದಿಂದ ಮತ್ತೊಂದು ಖರೀದಿ ನಡೆಸಬಲ್ಲವನಾಗಿದ್ದ. ಇಂದಿನ ಬ್ಯಾಂಕುಗಳ ಬಿಲ್ ಡಿಸ್ಕೌಂಟಿಂಗ್ ಮಾಡುವುದೂ ಇದನ್ನೇ. ಹುಂಡಿಯ ಬಲ ಅಡವಿನಲ್ಲಿರಲಿಲ್ಲ, ಸಹಿ ಮಾಡಿದವನ ಪತಿನಲ್ಲಿತ್ತು. ಬ್ರಿಟಿಷ್ ಇಂಡಿಯಾದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯು ಪೌರಸ್ತ್ಯ ಭಾಷೆಗಳಲ್ಲಿ ಬರೆದ ಪತ್ರಗಳ ಸ್ಥಳೀಯ ರೂಢಿಗೆ ತಾನು ಬಾಧಕವಲ್ಲವೆಂದು ತನ್ನ ಮೊದಲ ಕಲಮಿನಲ್ಲೇ ಹೇಳಿದ್ದು ಗಮನಾರ್ಹ. ವರ್ತಕನು ತನ್ನ ಭಾಷೆಯಲ್ಲಿ ಬರೆದದ್ದಕ್ಕೆ ಅಲ್ಲಿ ಕಾನೂನಿನ ಮನ್ನಣೆಯಿತ್ತು.

ಲೆಕ್ಕದ ಭಾಷೆಯಂತೂ ಈ ಸೀಮೆಯಲ್ಲಿ ಒಬ್ಬರ ಸೊತ್ತಾಗಿರಲಿಲ್ಲ. ಜಮಾ, ಖರ್ಚು, ಬಾಕಿ, ಹುಂಡಿ, ಖಾತಾ ಎಂಬ ಪದಗಳು ಕನ್ನಡಕ್ಕೂ ತೆಲುಗಿಗೂ ಸಮಾನ. ಕನ್ನಡದ ಕಿರ್ದಿ, ಖತಾವಣಿಗಳಿಗೆ ತೆಲುಗಿನ ಚಿಟ್ಟಾ, ಆವರ್ಜಾಗಳು ಜೋಡಿಯಾಗಿ ನಿಲ್ಲುತ್ತವೆ. ನಮ್ಮ ಬಡ್ಡಿ ಅಲ್ಲಿ ವಡ್ಡಿ. ಸಾಲಕ್ಕೆ ಮಾತ್ರ ಅವರು ಅಪ್ಪು ಎನ್ನುತ್ತಾರೆ. ಎರಡು ನುಡಿಗಳ ವರ್ತಕರು ಒಂದೇ ಗದ್ದಿಗೆಯ ಮೇಲೆ ಕುಳಿತು ಲೆಕ್ಕ ತೀರಿಸಲು ಈ ಮಟ್ಟಿಗಿನ ಸಾಮ್ಯ ಸಾಕಾಗಿತ್ತು.

ಆಧುನಿಕ ಬ್ಯಾಂಕು ತಡವಾಗಿ ಬಂದಿತು. 1941ರಲ್ಲಿ ಸ್ಥಾಪಿತವಾಗಿ 1942ರ ಏಪ್ರಿಲ್ ತಿಂಗಳಿನಲ್ಲಿ ವ್ಯವಹಾರ ಆರಂಭಿಸಿದ ಹೈದರಾಬಾದ್ ಸ್ಟೇಟ್ ಬ್ಯಾಂಕು ರಾಜ್ಯದ ಕೇಂದ್ರ ಬ್ಯಾಂಕಾಗಿ ಉಸ್ಮಾನಿಯಾ ಸಿಕ್ಕಾವನ್ನು ನಿರ್ವಹಿಸುತ್ತಿತ್ತು, ವಾಣಿಜ್ಯ ವ್ಯವಹಾರವನ್ನೂ ನಡೆಸುತ್ತಿತ್ತು. 1956ರಲ್ಲಿ ಅದು ರಿಸರ್ವ್ ಬ್ಯಾಂಕಿನ ಅಧೀನಕ್ಕೆ ಬಂದು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯಿತು. ಹೈದರಾಬಾದಿನ ರೂಪಾಯಿ 1959ರಲ್ಲಿ ಪೂರ್ಣವಾಗಿ ರದ್ದಾಯಿತು. ವಟ್ಟದ ಯುಗ ಮುಗಿಯಿತು.

ಆದರೆ ಒಂದು ಅಂತರ ಅಳಿಯುವ ಹೊತ್ತಿಗೆ ಇನ್ನೊಂದು ಹುಟ್ಟಿತ್ತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದಾಗ ಅದರ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಹೋದವು. ಅಲ್ಲಿಯವರೆಗೆ ಒಂದೇ ಜಿಲ್ಲೆಯೊಳಗಿದ್ದ ಸಾಲಗಾರನೂ ಸಾಹುಕಾರನೂ ಬೇರೆ ಬೇರೆ ರಾಜ್ಯಗಳವರಾದರು. ಅಡವಿಟ್ಟ ಭೂಮಿಯ ದಾವೆ ಭೂಮಿಯಿರುವಲ್ಲಿಯ ನ್ಯಾಯಾಲಯದಲ್ಲೇ ನಡೆಯಬೇಕು. ಋಣಭಾರ ಪತ್ರವೂ ಆ ರಾಜ್ಯದ ನೋಂದಣಿ ಕಚೇರಿಯಿಂದಲೇ ಬರಬೇಕು. ಗ್ರಾಮೀಣ ಬ್ಯಾಂಕುಗಳಲ್ಲಿ ಈ ಗಡಿ ಇನ್ನೂ ಗಟ್ಟಿಯಾಯಿತು. 1976ರ ಕಾಯಿದೆಯು ಒಂದೊಂದು ಗ್ರಾಮೀಣ ಬ್ಯಾಂಕಿಗೂ ಗೊತ್ತಾದ ಸ್ಥಳೀಯ ಎಲ್ಲೆಯನ್ನು ವಿಧಿಸಿತು. ರಾಯಚೂರಿನಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕು, ಮಹಬೂಬನಗರದಲ್ಲಿ ಸಂಗಮೇಶ್ವರ ಗ್ರಾಮೀಣ ಬ್ಯಾಂಕು. ಸರಕು ಹೋಗುವ ದಾರಿ ಒಂದು, ಸಾಲ ಬರುವ ದಾರಿ ಮತ್ತೊಂದು. ಗದ್ವಾಲ ಮತ್ತು ರಾಯಚೂರುಗಳ ನಡುವೆ ರೈಲು ಓಡಿದ್ದೂ 2013ರಲ್ಲಿ.

ಹಳೆಯ ಪದ್ಧತಿಯನ್ನು ಹೊಗಳುವುದು ಇಲ್ಲಿನ ಉದ್ದೇಶವಲ್ಲ. ಪತಿನ ಮೇಲೆ ನಿಂತ ಸಾಲವು ಪತಿಲ್ಲದವನನ್ನು ಹೊರಗಿಟ್ಟಿತು. ಸಾಹುಕಾರಿ ಬಡ್ಡಿಯನ್ನು ಹದ್ದಿನಲ್ಲಿಡಲು ಹೈದರಾಬಾದ್ ಸರ್ಕಾರವೇ 1349ನೆಯ ಫಸಲಿಯಲ್ಲಿ ಲೇವಾದೇವಿ ಕಾಯಿದೆ ತರಬೇಕಾಯಿತು. ಗದ್ವಾಲ ಸೀರೆಯ ನೇಕಾರನು ನೂಲಿನ ಮುಂಗಡಕ್ಕೂ, ಹತ್ತಿಬೀಜದ ರೈತನು ಬೀಜಕಂಪನಿಯ ಆರ್ಗನೈಸರನ ಮುಂಗಡಕ್ಕೂ ಇಂದೂ ಕಟ್ಟುಬಿದ್ದಿರುವುದು ಆ ಪದ್ಧತಿಯ ಉಳಿಕೆಯೇ. ಬ್ಯಾಂಕು ಬಿಡಿಸಬೇಕಾಗಿದ್ದ ಗಂಟು ಇದು.

ಆದರೆ ಬ್ಯಾಂಕು ಯಾವ ಭಾಷೆಯಲ್ಲಿ ಬಿಡಿಸಬೇಕು? ಗ್ರಾಹಕರಿಗೆ ಕೊಡುವ ನಮೂನೆಗಳು ಇಂಗ್ಲಿಷ್, ಹಿಂದಿ ಹಾಗೂ ಪ್ರಾದೇಶಿಕ ಭಾಷೆಯಲ್ಲಿರಬೇಕೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಪ್ರದೇಶವೆಂದರೆ ರಾಜ್ಯವೆಂದೇ ಎಣಿಸುವುದರಿಂದ ಗಟ್ಟು, ಮಕ್ತಲ, ಕೃಷ್ಣಾ ಭಾಗದ ಕನ್ನಡಿಗ ವರ್ತಕನಿಗೆ ಆ ಮೂರರಲ್ಲೂ ಕನ್ನಡವಿಲ್ಲ. ಮಾತಿನಲ್ಲಿ ತೆಲುಗು ಬಲ್ಲವನಿಗೂ ಜಾಮೀನು ಕರಾರಿನ ಬರಹ ಬೇರೆಯೇ ವಿಷಯ. ಓದಲಾರದ ಕರಾರಿಗೆ ಹಾಕಿದ ಸಹಿಯೂ ಕಾನೂನಿನಲ್ಲಿ ಸಹಿಯೇ.

ಆದುದರಿಂದ ಈ ಸೀಮೆಯ ಅಂಗಡಿಗಳಲ್ಲಿ ಉಳಿದಿರಬಹುದಾದ ಕಿರ್ದಿ, ಖತಾವಣಿ, ಹುಂಡಿಗಳನ್ನು ಕೇವಲ ಹಳೆಯ ಕಾಗದಗಳೆಂದು ಬಗೆಯಬಾರದು. ಎರಡು ಭಾಷೆಗಳು ಒಂದೇ ಲೆಕ್ಕವನ್ನು ಹಂಚಿಕೊಂಡದ್ದಕ್ಕೆ ಅವು ಸಾಕ್ಷಿ. ಗೆದ್ದಲು ತಿನ್ನುವ ಮೊದಲು ಅವನ್ನು ಸಂಗ್ರಹಿಸಿ ಪಟ್ಟಿ ಮಾಡುವುದು ಆರ್ಥಿಕ ಚರಿತ್ರೆಗೆ ಎಷ್ಟು ಅಗತ್ಯವೋ ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಚರ್ಚೆಗೂ ಅಷ್ಟೇ ಅಗತ್ಯ. ದ್ವಿಭಾಷೆಯ ಲೆಕ್ಕವನ್ನು ಕಾಗದ ಮತ್ತು ಮಸಿಗಳಿಂದಲೇ ಸಾಧಿಸಿದ ಸೀಮೆ ಇದು. ದ್ವಿಭಾಷೆಯ ಕರಾರು ಪತ್ರವನ್ನು ಇಲ್ಲಿ ಕೇಳುವುದು ಹೊಸ ಬೇಡಿಕೆಯೇನೂ ಅಲ್ಲ.