‘ಕರೆಂಟು ಕೊಡಿಸುವುದು’: ಸ್ನಾಯುಬಲ ಮತ್ತು ವಿದ್ಯುತ್ತು

ಮೈಸೂರು ನಗರದ ಕೆಸರೆಯನ್ನು ಚರಿತ್ರೆಯ ವಿದ್ಯಾರ್ಥಿಗಳು 1596ರ ಕಾಳಗದಿಂದ ಬಲ್ಲರು. ಇಂದು ಅಲ್ಲಿಯೂ, ನಾಡಿನ ಉಳಿದೆಡೆಗಳಲ್ಲಿಯಂತೆ, ಕೈಕಾಲು ಬಲಗುಂದಿದವರಿಗೆ ‘ಕರೆಂಟು ಕೊಡಿಸಬೇಕು’ ಎನ್ನುವುದು ರೂಢಿಯ ಮಾತು. ನೋವು ತಗ್ಗಿಸುವ ವಿದ್ಯುತ್ತೂ ಸ್ನಾಯುವನ್ನು ಸಂಕೋಚಗೊಳಿಸುವ ವಿದ್ಯುತ್ತೂ ಈ ಒಂದೇ ಮಾತಿನಲ್ಲಿ ಬೆರೆತಿವೆ. ನಾವು ಇಲ್ಲಿ ಎರಡನೆಯದನ್ನು ಮಾತ್ರ ವಿಚಾರಿಸುತ್ತೇವೆ.

ಕಾರ್ನ್‌ವಾಲಿಸನ ಸೈನ್ಯವು ಶ್ರೀರಂಗಪಟ್ಟಣದತ್ತ ನಡೆದ 1791ರಲ್ಲಿಯೇ ಇಟಲಿಯ ಗಾಲ್ವಾನಿ ಕಪ್ಪೆಯ ಕಾಲುಗಳ ಮೇಲಿನ ತನ್ನ ಪ್ರಯೋಗಗಳನ್ನು ಪ್ರಕಟಿಸಿದನು. 1831ರಲ್ಲಿ ಫ್ಯಾರಡೆ ಕಂಡ ಪ್ರೇರಿತ ವಿದ್ಯುತ್ತನ್ನು ಫ್ರಾನ್ಸಿನ ದ್ಯುಶೆನ್ ಚರ್ಮದ ಮೇಲಿಂದಲೇ ಒಂದೊಂದು ಸ್ನಾಯುವಿಗೂ ಪ್ರತ್ಯೇಕವಾಗಿ ಹಾಯಿಸಿ, 1855ರಲ್ಲಿ ಅದನ್ನು ಕುರಿತು ಗ್ರಂಥ ಬರೆದನು. ಮೈಸೂರಿನಲ್ಲಿ ವಿದ್ಯುದ್ದೀಪ ಬೆಳಗಿದ್ದು 1908ರಲ್ಲಿ. ಆದರೆ ಚಿಕಿತ್ಸೆಗೆ ಬೇಕಾದುದು ದೀಪದ ವಿದ್ಯುತ್ತಲ್ಲ, ಮಿಲಿಆಂಪಿಯರುಗಳಲ್ಲಿ ಅಳೆಯುವ, ಬಿಟ್ಟು ಬಿಟ್ಟು ಬರುವ ಮಿಡಿತ.

ಇಲ್ಲಿ ನಿರ್ಣಾಯಕವಾದುದು ಯಂತ್ರವಲ್ಲ, ನರ. ನರ ಜೀವಂತವಾಗಿದ್ದರೆ ಒಂದು ಮಿಲಿಸೆಕೆಂಡಿಗೂ ಕಡಮೆಯಾದ ಮಿಡಿತ ಸಾಕು. ಅದು ನರವನ್ನು ಕೆರಳಿಸಿ, ನರವು ಸ್ನಾಯುವನ್ನು ಎಳೆಯುತ್ತದೆ. ನರ ಸತ್ತರೆ ಅಂಥ ಮಿಡಿತಕ್ಕೆ ಸ್ನಾಯು ಓಗೊಡದು; ಅದಕ್ಕೆ ಹತ್ತಾರು ಪಟ್ಟು ದೀರ್ಘವಾದ ಮಿಡಿತ ಬೇಕು. ಜರ್ಮನಿಯ ಎರ್ಬ್ ಈ ವ್ಯತ್ಯಾಸವನ್ನೇ ರೋಗನಿರ್ಣಯದ ಸಾಧನವಾಗಿಸಿದನು. ಪೋಲಿಯೋ ಬೆನ್ನುಹುರಿಯ ಚಾಲಕ ಕೋಶಗಳನ್ನೇ ಕೊಲ್ಲುತ್ತದೆ. ಎಷ್ಟು ಕಾಲ ವಿದ್ಯುತ್ತು ಹಾಯಿಸಿದರೂ ಅವು ಮರಳವು. ಭಾರತವು 2014ರಲ್ಲಿ ಪೋಲಿಯೋಮುಕ್ತವೆನಿಸಿದುದು ಲಸಿಕೆಯಿಂದ. ಪಾರ್ಶ್ವವಾಯುವಿನ ಸಂಗತಿ ಬೇರೆ: ಅಲ್ಲಿ ಕೆಡುವುದು ಮೆದುಳು, ಕಾಲಿನ ನರ ಉಳಿದಿರುತ್ತದೆ. ಆದುದರಿಂದಲೇ 1961ರಲ್ಲಿ ಅಮೆರಿಕದ ಲಿಬರ್ಸನ್ನನು, ಪಾದ ಜೋಲುವ ರೋಗಿ ಹೆಜ್ಜೆಯೆತ್ತುವ ಕ್ಷಣಕ್ಕೆ ಸರಿಯಾಗಿ ಮಿಡಿತ ಕೊಡುವ ಸಾಧನವನ್ನು ವರ್ಣಿಸಲು ಸಾಧ್ಯವಾಯಿತು.

1970ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಕೋಟ್ಸ್, 10 ಸೆಕೆಂಡು ಪ್ರಚೋದನೆ, 50 ಸೆಕೆಂಡು ವಿಶ್ರಾಂತಿ ಎಂಬ ಕ್ರಮದಿಂದ ಕ್ರೀಡಾಪಟುಗಳ ಬಲ ಶೇಕಡಾ 40ರವರೆಗೆ ಹೆಚ್ಚಿತೆಂದು ಸಾರಿದನು. ಅಲ್ಲಿಂದ ಹುಟ್ಟಿದ ಉತ್ಸಾಹ ವಿಪರೀತವೆಂದೇ ನಮ್ಮ ಅಭಿಪ್ರಾಯ: ಆರೋಗ್ಯವಂತರಲ್ಲಿ ಇದು ಸ್ವಪ್ರಯತ್ನದ ವ್ಯಾಯಾಮವನ್ನು ಮೀರಿಸಿದುದು ಮುಂದಿನ ಪರೀಕ್ಷೆಗಳಲ್ಲಿ ಕಾಣಲಿಲ್ಲ. ಇದರ ನಿಜವಾದ ಉಪಯೋಗ ಇನ್ನೊಂದೆಡೆ ಇದೆ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ತೊಡೆಯ ಮುಂಭಾಗದ ಸ್ನಾಯು ರೋಗಿಯ ಇಚ್ಛೆಗೆ ಪೂರ್ಣವಾಗಿ ಮಣಿಯುವುದಿಲ್ಲ. ಆಗ ವ್ಯಾಯಾಮದೊಡನೆ ವಿದ್ಯುತ್ಪ್ರಚೋದನೆಯನ್ನೂ ಸೇರಿಸಿದರೆ ಬಲವು ಬೇಗ ಮರಳುತ್ತದೆ. ಅದಕ್ಕೆ ಚರ್ಮ ಜುಮ್ಮೆಂದರೆ ಸಾಲದು, ಸ್ನಾಯು ಕಣ್ಣಿಗೆ ಕಾಣುವಂತೆ ಬಿಗಿಯಬೇಕು.